ಹಲಗೆಯ ಮೇಲೆ ನಾನೆಳೆದ ಗುರುತು

ಎಂಜಿನ್ನಿನ ಬಲ ಹೆಚ್ಚಿಸುವುದು ನನ್ನ ಕೆಲಸ. ಕಂಪನಿಯವರು ಕೆಟ್ಟ ಇಂಧನಕ್ಕೆ, ಸುಡುಬಿಸಿಲಿಗೆ ಎಂಜಿನ್ ಕೆಡದಿರಲಿ ಅಂತ ಸ್ವಲ್ಪ ತಾಕತ್ತನ್ನು ಕಟ್ಟಿಹಾಕಿರುತ್ತಾರೆ. ನಾನು ಲ್ಯಾಪ್‌ಟಾಪ್ ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸಿ ಅದನ್ನು ಬಿಚ್ಚುತ್ತೇನೆ. ಇದರಿಂದ ಲಾಭವಿಲ್ಲ ಅಂತ ಯಾವ ಪುಣ್ಯಾತ್ಮನೂ ಹೇಳುವಂತಿಲ್ಲ. ತುಂಬಿದ ಗಾಡಿ ಸಲೀಸಾಗಿ ಏರು ಹತ್ತುತ್ತದೆ, ಲಾರಿ ಹಿಂದೆ ಹೊಗೆ ಕುಡಿಯುತ್ತಾ ಕೂರಬೇಕಿಲ್ಲ. ಆದರೆ ಆ ವೇಗಕ್ಕೆ ಹಳೇ ಬ್ರೇಕ್ ಸಾಲುವುದಿಲ್ಲ. ಅದನ್ನು ಹೇಳಿದರೆ ಮಾತ್ರ ಎಲ್ಲರಿಗೂ ಜಾಣಗಿವುಡು.

ಅದಕ್ಕೇ ನಮ್ಮ ಗ್ಯಾರೇಜಿನಲ್ಲಿ ಒಂದು ಕಟ್ಟಳೆ. ಮೊದಲು ಭಾವ, ಅಂದರೆ ನನ್ನ ಅಕ್ಕನ ಗಂಡ, ದೊಡ್ಡ ಬ್ರೇಕ್ ಹಾಕಿ, ಓಡಿಸಿ ನೋಡಿ, ಗೋಡೆಯ ಹಲಗೆಯಲ್ಲಿ ಗಾಡಿ ನಂಬರಿನ ಮುಂದೆ ಸೀಮೆಸುಣ್ಣದ ಗುರುತು ಹಾಕಬೇಕು. ಅದು ಬೀಳದೆ ನಾನು ಲ್ಯಾಪ್‌ಟಾಪ್ ತೆರೆಯುವಂತಿಲ್ಲ.

ಒಂದು ಭಾನುವಾರ ನನ್ನ ತಮ್ಮ ತನ್ನ ಗಾಡಿ ತಂದ. ಭಾವ ಊರಲ್ಲಿರಲಿಲ್ಲ.

"ಬ್ರೇಕ್ ಮುಂದಿನ ವಾರ ಹಾಕಿಸ್ತೀನಿ ಅಣ್ಣ. ಒಡಹುಟ್ಟಿದವನಿಗೂ ಕಾನೂನು ಹೇಳ್ತೀಯಾ?" ಅಂದ.

ಹಾಳು ಸಲಿಗೆ. ಲ್ಯಾಪ್‌ಟಾಪ್ ತೆರೆದೆ, ಆದರೆ ಹಲಗೆಯಲ್ಲಿ ಗುರುತಿಲ್ಲದೆ ಕೈ ಓಡಲಿಲ್ಲ. ಹತ್ತು ವರ್ಷದ ಅಭ್ಯಾಸ. ಎದ್ದು ಹೋಗಿ ಗುರುತು ನಾನೇ ಎಳೆದೆ. ಆಮೇಲೆ ಕೈ ಓಡಿತು.

ಬುಧವಾರ ಇಳಿಜಾರಿನ ತಿರುವಿನಲ್ಲಿ ಗಾಡಿ ನಿಲ್ಲಲಿಲ್ಲ. ತಮ್ಮ ಹೋಗಿಬಿಟ್ಟ.

ಮಾರನೆಯ ದಿನ ಅಮ್ಮ ಗ್ಯಾರೇಜಿಗೆ ಬಂದು ಹಲಗೆಯ ಮುಂದೆ ನಿಂತಳು. "ಬ್ರೇಕ್ ಸರಿಯಿದೆ ಅಂತ ಗುರುತು ಹಾಕಿದ್ಯಾರು?"

"ನಾನೇ ಅತ್ತೆ," ಅಂದರು ಭಾವ.

"ಇನ್ನು ನನ್ನ ಹೊಸ್ತಿಲು ತುಳೀಬೇಡಿ."

ಹಿಂದಿನ ತಿಂಗಳು ಅದೇ ಗಾಡಿಗೆ ಭಾವ ಏನೋ ರಿಪೇರಿ ಮಾಡಿದ್ದರು. ಅದನ್ನೇ ಬ್ರೇಕ್ ಕೆಲಸ ಅಂತ ಅವರು ತಪ್ಪಾಗಿ ನೆನಪಿಟ್ಟುಕೊಂಡಿದ್ದಾರೆ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೂ ಅನುಕೂಲವಾಗಿತ್ತು. 

ಅಳು ಬರಲಿಲ್ಲ. ಮೈಮನಸ್ಸು ಮರಗಟ್ಟಿತ್ತು. ಉಂಡೆ, ಮಲಗಿದೆ, ಗಾಡಿಗಳ ಆಯಿಲ್ ಬದಲಿಸಿದೆ. ಅಕ್ಕನೂ ತವರಿಗೆ ಬರುವುದನ್ನು ಬಿಟ್ಟಳು. ಅಮ್ಮ ದಿನಾ ಬಡಿಸುವಾಗ, "ನೀನೊಬ್ಬ ಉಳಿದೆಯಲ್ಲಪ್ಪ," ಅನ್ನುತ್ತಿದ್ದಳು. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ.

ಮೂರು ವಾರ ಕಳೆಯಿತು. ಇವತ್ತು ಬೆಳಿಗ್ಗೆ ಹಳೇ ಗಿರಾಕಿಯೊಬ್ಬ ಬಂದು ಭಾವನ ಎದುರಿಗೇ ಹೇಳಿದ: "ಬ್ರೇಕ್ ಇವರು ಮುಟ್ಟೋದು ಬೇಡ."

ಭಾವ ಸ್ಪ್ಯಾನರ್ ಕೆಳಗಿಟ್ಟು, ಕೈತೊಳೆಯಲು ನಲ್ಲಿಯ ಹತ್ತಿರ ಹೋದರು. ಕೈ ಕೊಳೆಯಾಗಿಯೇ ಇರಲಿಲ್ಲ. ನಾನೂ ಹಿಂದೆಯೇ ಹೋದೆ.

"ಭಾವ, ಆ ಗುರುತು ಹಾಕಿದ್ದು ನಾನು."

"ಗೊತ್ತು," ಅಂದರು. "ನಾನು ಎಡಚ. ನನ್ನ ಗೆರೆ ಎಡಕ್ಕೆ ವಾಲುತ್ತೆ. ಅದು ಬಲಕ್ಕೆ ವಾಲಿತ್ತು."

"ಮತ್ತೆ ಯಾಕೆ ಹಾಗಂದ್ರಿ?"

"ಅತ್ತೆಗೆ ಒಟ್ಟೊಟ್ಟಿಗೆ ಇಬ್ಬರು ಮಕ್ಕಳು ಹೋಗೋದು ಬೇಡ ಅಂತ. ಅಳಿಯ ಹೋದ್ರೆ ಹೇಗೋ ತಡ್ಕೋತಾರೆ." ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಒಳಗೆ ಹೋದರು.

ಮಧ್ಯಾಹ್ನ ಮನೆಗೆ ಹೋದೆ. ಅಮ್ಮ ತಟ್ಟೆ ಇಟ್ಟು ಬಡಿಸತೊಡಗಿದಳು.

"ಅಮ್ಮ, ಭಾವ ಆ ಗಾಡಿಯ ಬ್ರೇಕ್ ನೋಡೇ ಇರ್ಲಿಲ್ಲ. ಗುರುತು ನಾನು ಹಾಕಿದ್ದು."

ಸೌಟು ಅಲ್ಲೇ ನಿಂತಿತು. ಅದನ್ನು ಪಾತ್ರೆಯಲ್ಲಿಟ್ಟಳು.

"ಅಳಿಯಂದಿರಿಗೆ ಫೋನ್ ಮಾಡು. ಊಟಕ್ಕೆ ಬರೋಕೆ ಹೇಳು."

ಎದ್ದು ಫೋನ್ ಮಾಡಿದೆ. ತಿರುಗಿ ನೋಡುವಷ್ಟರಲ್ಲಿ ಅಮ್ಮ ನನ್ನ ಮುಂದಿದ್ದ ತಟ್ಟೆ ಎತ್ತಿ ಭಾವ ಕೂರುತ್ತಿದ್ದ ಜಾಗದಲ್ಲಿ ಇಟ್ಟಿದ್ದಳು.