ನೆಹರೂ ಪ್ಲೇಸಿನಲ್ಲಿ ಹಿಟ್ಟಿನ ಪರೀಕ್ಷೆ

ಜಲಜಮ್ಮನವರ ಮನೆಗೆ ದೊಡ್ಡ ಸಾಮಾನು ಏನೇ ಬರಲಿ, ಮೊದಲು ಜಲಜಮ್ಮ ಅದನ್ನು ಮುಟ್ಟಿ ನೋಡಿ "ಹೂಂ" ಅನ್ನಬೇಕು. ಇದು ಯಾರೂ ಕೂತು ಮಾಡಿದ ಕಾನೂನಲ್ಲ. ಕರೋಲ್ ಬಾಗಿನ ಮಿಕ್ಸಿ ಪ್ರಸಂಗ ಆದಮೇಲೆ ತಾನಾಗಿಯೇ ಬಂದದ್ದು.

ಆಗ ಮಗ ಸುದರ್ಶನ್ ಇನ್ನೂ ಚಡ್ಡಿ ಹಾಕುತ್ತಿದ್ದ. ದಿಲ್ಲಿಯಲ್ಲಿ ಮಿಕ್ಸಿ ಹೊಸದಾಗಿ ಬಂದಿತ್ತು. ಅಂಗಡಿಯವರು ಅದರಲ್ಲಿ ಟೊಮೇಟೊ ಅರೆದು ತೋರಿಸುತ್ತಿದ್ದರು, ಪುದೀನಾ ಅರೆದು ತೋರಿಸುತ್ತಿದ್ದರು. ಅದನ್ನು ನೋಡಿ ಜಲಜಮ್ಮನಿಗೆ ಏನಾಗಬೇಕು? ರಾತ್ರಿಯೇ ಉದ್ದಿನಬೇಳೆ ನೆನೆಹಾಕಿ, ಬೆಳಿಗ್ಗೆ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಗಂಡನ ಜೊತೆ ಬಸ್ಸು ಹತ್ತಿದರು. ಅಂಗಡಿಯ ಕಟ್ಟೆಯ ಮೇಲೆ ಡಬ್ಬಿ ಇಟ್ಟು, "ಇದನ್ನು ರುಬ್ಬಿ ತೋರಿಸು ಭಯ್ಯಾ" ಅಂದರು. ಅಂಗಡಿಯವನಿಗೆ ಈಕೆಗೆ ತಲೆ ಕೆಟ್ಟಿದೆಯೋ ಏನೋ ಅನ್ನಿಸಿತು. ಜನ ಸೇರಿದರು. ಮೊದಲನೆಯ ಮಿಕ್ಸಿ ಗೊರಗೊರ ಅಂದು ನಿಂತೇ ಹೋಯಿತು. ಎರಡನೆಯದು ಸುಟ್ಟ ವಾಸನೆ ಬಿಟ್ಟಿತು. ಮೂರನೆಯದು ರುಬ್ಬಿತು. ಜಲಜಮ್ಮ ಒಂದು ಲೋಟ ನೀರು ಕೇಳಿ, ಒಂದು ಚಿಟಿಕೆ ಹಿಟ್ಟನ್ನು ಅದರಲ್ಲಿ ಬಿಟ್ಟರು. ಹದವಾಗಿ ರುಬ್ಬಿದ ಹಿಟ್ಟು ತೇಲಬೇಕು. ತೇಲಿತು. ಜನ ಚಪ್ಪಾಳೆ ತಟ್ಟಿದರು.

ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನ ಕನ್ನಡದವರ ಮನೆಗಳಲ್ಲಿ ಈ ಕಥೆ ಹಳೆಯದಾಗಲೇ ಇಲ್ಲ. ಫ್ರಿಜ್ಜು, ಟಿವಿ, ಸ್ಕೂಟರು, ಎಲ್ಲಕ್ಕೂ ಜಲಜಮ್ಮನ "ಹೂಂ" ಆಗಿಯೇ ಹಣ ಕೊಟ್ಟದ್ದು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ತನಗೆ ಇಷ್ಟು ಮರ್ಯಾದೆ ಬಂದದ್ದು ಅವರಿಗೂ ಒಳಗೊಳಗೇ ಹಿತವಾಗಿತ್ತು.

ಆದರೆ ಎರಡು ಸಾವಿರದ ಎಂಟನೇ ಇಸವಿಯ ದೀಪಾವಳಿ ಕಳೆದಮೇಲೆ ಬಂದ ಸಾಮಾನಿಗೆ ಹೂಂ ಅನ್ನುವುದೋ ಉಹೂಂ ಅನ್ನುವುದೋ, ಅವರಿಗೆ ತಿಳಿಯದೇ ಹೋಯಿತು.

ವಿಷಯ ಇಷ್ಟು. ಸುದರ್ಶನ್‌ಗೆ ಆರನೇ ವೇತನ ಆಯೋಗದ ಅರಿಯರ್ಸ್ ಬಂತು. ಮಗಳು ಪ್ರಕೃತಿ ಆರ್ಕಿಟೆಕ್ಚರ್ ಕಡೆಯ ವರ್ಷದಲ್ಲಿದ್ದಳು. ಅವಳಿಗೆ ಲ್ಯಾಪ್‌ಟಾಪ್ ಬೇಕಿತ್ತು, ಅದೂ ಸಾಧಾರಣದ್ದಲ್ಲ.

"ಎಂಬತ್ತು ಸಾವಿರದ ಮೇಲಂತೆ!" ಸೊಸೆ ಸುಮಿತ್ರಾ ಚಪಾತಿ ಬಡಿಸುತ್ತಾ ಅಂದಳು. "ತೊಡೆ ಮೇಲೆ ಇಟ್ಟುಕೊಳ್ಳೋ ಡಬ್ಬಕ್ಕೆ! ಅದೇನು ಅಡುಗೆ ಮಾಡಿ ಬಡಿಸುತ್ತಾ?"

"ಮಮ್ಮೀ, ನೀನು ಸೀರಿಯಲ್ ನೋಡೋ ಟಿವಿ ಯಾವ ಅಡುಗೆ ಮಾಡ್ತು?" ಅಂದಳು ಪ್ರಕೃತಿ.

"ಅದರ ಅರ್ಧಕ್ಕಿಂತ ಕಡಿಮೆಗೂ ಸಿಗತ್ತಲ್ಲೇ," ಅಂದ ಸುದರ್ಶನ್.

"ಪಾಪಾ, ಉಸ್ ಮೇ ನನ್ನ ಕೆಲಸ ನಡೆಯಲ್ಲ. ಅಜ್ಜಿ, ನೀನೇ ಹೇಳು ನಾ!"

ಮೂವರೂ ಜಲಜಮ್ಮನ ಮುಖ ನೋಡಿದರು. ಜಲಜಮ್ಮ ತಟ್ಟೆ ನೋಡಿದರು.

ಅವರಿಗೆ ಲ್ಯಾಪ್‌ಟಾಪಿನ ವಿಷಯ ತಿಳಿಯದು. ತಿಳಿದದ್ದು ಒಂದೇ: ಪ್ರಕೃತಿಯ ಗೆಳತಿ ಹಂಸಿನಿಯ ಮನೆ ಘಾಜಿಯಾಬಾದಿನಲ್ಲಿತ್ತು, ಅಲ್ಲೊಂದು ದೊಡ್ಡ ಕಂಪ್ಯೂಟರ್ ಇತ್ತು. ಆ ಕಂಪ್ಯೂಟರಿನ ಆಸೆಗೆ ಹುಡುಗಿ ವಾರದಲ್ಲಿ ಅರ್ಧ ಅಲ್ಲೇ ಇರುತ್ತಿದ್ದಳು. ಅಜ್ಜಿ ಮೊಮ್ಮಗಳದು ಒಂದೇ ಕೋಣೆ, ಅಕ್ಕಪಕ್ಕದ ಮಂಚ. ಹುಟ್ಟಿದ ವರ್ಷದಿಂದ ಪಕ್ಕದಲ್ಲೇ ಮಲಗಿದ ಮಗು. ಈಗ ಬೆಳಿಗ್ಗೆ ಎದ್ದರೆ ಆ ಕಡೆ ಮಡಿಸಿಟ್ಟ ರಜಾಯಿ ಮಾತ್ರ. ಯಾವುದೋ ಒಂದು ಯಂತ್ರ ಮನೆಗೆ ಬಂದು ಹುಡುಗಿ ಮನೆಯಲ್ಲಿ ಉಳಿಯುವುದಾದರೆ ಉಳಿಯಲಿ, ಇದು ಜಲಜಮ್ಮನ ಮನಸ್ಸಿನಲ್ಲಿದ್ದದ್ದು. ಆದರೆ ಅದಕ್ಕೆ ಅಷ್ಟು ಬೆಲೆ ಕೊಡಬಹುದೇ? ಮಗನ ವರ್ಷಗಳ ದುಡಿಮೆಯ ಬಾಕಿ ಅದು.

"ಅದು ಮಾಡೋ ಕೆಲಸ ಏನು, ನನಗೆ ತಿಳಿಯೋ ಹಾಗೆ ಹೇಳು," ಅಂತ ಮೊಮ್ಮಗಳನ್ನು ಕೂರಿಸಿಕೊಂಡು ಕೇಳಿದರು.

"ನಾನು ಒಂದು ಬಿಲ್ಡಿಂಗ್ ಬರೀತೀನಿ. ಅದರ ಮೇಲೆ ಬಿಸಿಲು ಹೇಗೆ ಬೀಳತ್ತೆ ಅಂತ ಮಶೀನು ಲೆಕ್ಕ ಹಾಕಿ ಚಿತ್ರ ಮಾಡಬೇಕು."

"ಬಿಸಿಲು ಹೇಗೆ ಬೀಳತ್ತೆ ಅಂತ ಬಿಸಿಲಲ್ಲಿ ನಿಂತು ನೋಡಿದ್ರೆ ಆಗಲ್ವೇನೆ?"

"ಅರೇ ಅಜ್ಜಿ, ಬಿಲ್ಡಿಂಗು ಇನ್ನೂ ಇಲ್ಲವಲ್ಲಾ!"

ಇಲ್ಲದ ಗೋಡೆ, ಅದರ ಮೇಲೆ ಬಿಸಿಲು.

ಕೆಳಗಿನ ಮನೆಯ ಮರಿಯಪ್ಪನವರು ಕಂಪ್ಯೂಟರು ಬಲ್ಲವರೆಂದು ಜಲಜಮ್ಮ ಇಳಿದುಹೋಗಿ ಅವರನ್ನು ಕೇಳಿದರು. ಮರಿಯಪ್ಪನವರು, "ಆರು ತಿಂಗಳು ತಡೀರಿ ಜಲಜಮ್ಮ, ಇದೇ ಮಾಲು ಅರ್ಧ ಬೆಲೆಗೆ ಬರುತ್ತೆ" ಅಂದರು.

"ಹಾಗಾದ್ರೆ ಆರು ತಿಂಗಳು ಬಿಟ್ಟೇ ಕೊಳ್ಳೋಣ."

"ಅಷ್ಟರಲ್ಲಿ ಇದಕ್ಕಿಂತ ಜೋರಾದ್ದು ಬಂದಿರುತ್ತೆ, ಇದೇ ಬೆಲೆಗೆ. ಇದು ಹಳೇದು ಅನ್ನಿಸಿಕೊಂಡಿರುತ್ತೆ."

"ಮತ್ತೆ ಕೊಳ್ಳೋದು ಯಾವಾಗ?"

"ಅದೇ ನೋಡಿ. ಇಲ್ಲಾ ಇವತ್ತೇ ಕೊಳ್ಳಬೇಕು, ಇಲ್ಲಾ ಯಾವತ್ತೂ ಕೊಳ್ಳಬಾರದು." ಹೀಗಂದು ಮರಿಯಪ್ಪನವರು ತಾವೇ ನಕ್ಕರು.

ಬಂದ ದಾರಿಯಲ್ಲೇ ವಾಪಸ್ಸು ಮೆಟ್ಟಿಲು ಹತ್ತುವಾಗ ಜಲಜಮ್ಮನಿಗೆ ತಮ್ಮ ಹಿತ್ತಾಳೆ ಕೊಳಗ ನೆನಪಾಯಿತು. ಮದುವೆಯಲ್ಲಿ ಬಂದದ್ದು, ಈಗಲೂ ಕೊಳಗವೇ. ಆರು ತಿಂಗಳಲ್ಲಿ ಹಳೆಯದಾಗುವ ಸಾಮಾನನ್ನು ಏನು ಹಿಡಿದು ಅಳೆಯುವುದು? ಕಡೆಗೆ ಅವರಿಗೆ ಗೊತ್ತಿದ್ದ ದಾರಿ ಒಂದೇ ಉಳಿಯಿತು. "ನಿನ್ನ ಹಿಟ್ಟು ತಗೋ, ಅಂಗಡಿಗೆ ಹೋಗೋಣ" ಅಂದರು.

ಪ್ರಕೃತಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ತನ್ನ ಅತಿ ಭಾರದ ಚಿತ್ರವೊಂದನ್ನು ಬೆರಳುದ್ದದ ಪೆನ್‌ಡ್ರೈವಿನಲ್ಲಿ ಹಾಕಿಕೊಂಡಳು.

ಭಾನುವಾರ ಅಂಗಡಿ ಮುಚ್ಚಿರುತ್ತದೆಂದು ಶನಿವಾರವೇ ಹೊರಟರು. ನೆಹರೂ ಪ್ಲೇಸು ಕಂಪ್ಯೂಟರಿನವರ ಸಂತೆ. ಮೇಲೆ ಕೆಳಗೆ ಎಲ್ಲ ಅಂಗಡಿ, ನಡುವೆ ಸಿ.ಡಿ. ಮಾರುವವರ ಕೂಗಾಟ. ಸುದರ್ಶನ್ ತಾಯಿಯ ಕೈ ಹಿಡಿದು ಮೆಟ್ಟಿಲು ಹತ್ತಿಸಿ ಗುಲಾಟಿ ಅನ್ನುವವನ ಅಂಗಡಿಗೆ ಕರೆದುಕೊಂಡು ಹೋದ. ಗುಲಾಟಿ ಕುರ್ಚಿ ಹಾಕಿಸಿ, ಚಹಾಕ್ಕೆ ಹೇಳಿ, ಯಂತ್ರಗಳ ಗುಣಗಾನ ಶುರುಮಾಡಿದ. ನಾಲ್ವತ್ತು ವರ್ಷ ದಿಲ್ಲಿಯ ಹಿಂದಿ ಕೇಳಿದ ಜಲಜಮ್ಮನಿಗೂ ಅದರಲ್ಲಿ 'ಮಾತಾಜಿ' ಅನ್ನುವುದೊಂದನ್ನು ಬಿಟ್ಟರೆ ಏನೂ ತಿಳಿಯಲಿಲ್ಲ.

"ಮಾತು ಸಾಕು ಭಯ್ಯಾ," ಅಂದರು. "ಹುಡುಗಿ ಒಂದು ಕೆಲಸ ತಂದಿದ್ದಾಳೆ. ನಿನ್ನ ಯಂತ್ರಗಳಿಗೆ ಕೊಡು. ಯಾವುದು ಮಾಡುತ್ತೋ ನೋಡ್ತೀನಿ."

ಗುಲಾಟಿ ನಕ್ಕ. "ಅಚ್ಛಾ! ಮಾತಾಜಿ ಟೆಸ್ಟ್ ಡ್ರೈವ್ ಕೇಳ್ತಿದ್ದಾರೆ!"

ಮೊದಲು ಅಗ್ಗದ ಲ್ಯಾಪ್‌ಟಾಪಿಗೆ ಕೊಟ್ಟರು. ಅದು ಸ್ವಲ್ಪ ಹೊತ್ತು ಒದ್ದಾಡಿ, ಪರದೆ ಬೆಳ್ಳಗಾಗಿ, ಅಲ್ಲೇ ನಿಂತಿತು. ಜಲಜಮ್ಮ ಮೂಸಿ ನೋಡಿದರು, ಸುಟ್ಟ ವಾಸನೆಯೇನೂ ಇಲ್ಲ. ಆಮೇಲೆ ದುಬಾರಿಯದು. ಬುರ್ರ್ ಅಂತ ಒಳಗೆ ಗಾಳಿ ಎದ್ದಿತು, ಪಕ್ಕದಿಂದ ಬಿಸಿ ಹೊಡೆಯಿತು. ಪರದೆಯ ಮೇಲೆ ಒಂದೊಂದೇ ಚೌಕ ಕೂತು ಗೋಡೆ ಬಂತು, ಕಿಟಕಿ ಬಂತು. ಚಹಾ ಬಂದು, ಕುಡಿದು, ಲೋಟ ಕೆಳಗಿಡುವಷ್ಟರಲ್ಲಿ ಕಟ್ಟಡ ನಿಂತಿತ್ತು.

"ದೇಖಾ ಅಜ್ಜಿ!" ಪ್ರಕೃತಿ ಕುಣಿದಳು.

ಜಲಜಮ್ಮ ಹೂಂ ಅನ್ನಲು ಬಾಯಿ ತೆರೆದೇಬಿಟ್ಟಿದ್ದರು. ಅಷ್ಟರಲ್ಲಿ ಗುಲಾಟಿ ಮೂಲೆಯ ದೊಡ್ಡ ಕಂಪ್ಯೂಟರಿನ ತಲೆ ತಟ್ಟಿ, "ಮಾತಾಜಿ, ಇದನ್ನೂ ನೋಡಿಬಿಡಿ. ಮೇಜಿನ ಮೇಲಿಡೋದು. ಬೆಲೆ ಆ ಲ್ಯಾಪ್‌ಟಾಪಿನ ಅರ್ಧ" ಅಂದ. ಅದಕ್ಕೂ ಕೊಟ್ಟರು. ಲ್ಯಾಪ್‌ಟಾಪಿಗಿಂತಲೂ ಬೇಗ, ಎರಡನೇ ಚಹಾ ಬರುವ ಮೊದಲೇ ಮುಗಿಸಿತು.

ಸುದರ್ಶನ್ ಮುಖ ಅರಳಿತು. "ನೋಡಮ್ಮಾ! ಅರ್ಧ ಬೆಲೆ, ಕೆಲಸ ಜಾಸ್ತಿ. ಇನ್ನೇನು ಬೇಕು?"

ಗುಲಾಟಿ ಪ್ರಕೃತಿಯ ಕಡೆ ತಿರುಗಿದ. "ಬೇಟಾ, ಮನೆಯಲ್ಲೇ ಕೂತು ಕೆಲಸ ಮಾಡೋದಾದರೆ ಇದೇ ಸರಿ."

"ಮನೆಯಲ್ಲಲ್ಲ ಭಯ್ಯಾ. ಜನವರಿಯಿಂದ ಗುಜರಾತಿನ ಕಛ್‌ನಲ್ಲಿ, ಸೈಟ್ ಮೇಲೆ. ಅಲ್ಲಿ ಹಳ್ಳಿ ಶಾಲೆಗಳನ್ನ ಕಟ್ಟಿಸೋ ಒಂದು ಆಫೀಸಿದೆ. ಸ್ವಂತ ಲ್ಯಾಪ್‌ಟಾಪ್ ಇದ್ದರೇ ತಗೋತಾರಂತೆ."

"ಅದಿನ್ನೂ ಪಕ್ಕಾ ಆಗಿಲ್ಲ," ಅಂದ ಸುದರ್ಶನ್, ತಾಯಿಯನ್ನು ನೋಡದೆ. "ನಿನ್ನೆ ತಾನೇ ಮೇಲ್ ಬಂತಮ್ಮ. ಆರು ತಿಂಗಳ ಟ್ರೈನಿಂಗು."

ಜಲಜಮ್ಮ ಕುರ್ಚಿಯ ಕೈ ಹಿಡಿದುಕೊಂಡರು. ಇದೇನಿದು? ಯಾವ ಪೆಟ್ಟಿಗೆ ಹುಡುಗಿಯನ್ನು ಮನೆಗೆ ತರುತ್ತದೆ ಅಂದುಕೊಂಡಿದ್ದರೋ ಅದೇ ಅವಳನ್ನು ಘಾಜಿಯಾಬಾದಿಗಿಂತ ಎಷ್ಟೋ ದೂರಕ್ಕೆ ಹೊತ್ತುಕೊಂಡು ಹೋಗುವುದೇ? ಮೂಲೆಯಲ್ಲಿ ಕೂತ ದೊಡ್ಡದು ಮನೆಯ ಮೂಲೆಯಲ್ಲೂ ಹಾಗೆಯೇ ಕೂತಿರುತ್ತದೆ. ಅದರ ಮುಂದೆ ಹುಡುಗಿಯೂ ಕೂತಿರುತ್ತಾಳೆ. ಸಂಜೆ ಕರೆದರೆ "ಆಯೀ ಅಜ್ಜಿ" ಅಂತ ಓಗೊಡುತ್ತಾಳೆ. ತಾವು ಸುಳ್ಳು ಹೇಳಬೇಕಾಗಿಯೂ ಇಲ್ಲ. ಪರೀಕ್ಷೆ ಎಲ್ಲರ ಕಣ್ಣೆದುರೇ ಆಗಿದೆ. ಅದರ ಪ್ರಕಾರ ಹೇಳಿದರೆ ಮಗನಿಗೂ ಉಳಿತಾಯ, ತಮಗೂ ಹೊಗಳಿಕೆ.

ಪ್ರಕೃತಿಗೂ ಅದು ಹೊಳೆದಿತ್ತೇನೋ. ಅವಳು ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದಳು. "ಠೀಕ್ ಹೈ ಅಜ್ಜಿ," ಅಂದಳು. "ಹಿಟ್ಟಿನ ಪರೀಕ್ಷೆ ಅಂದ್ರೆ ಹಿಟ್ಟಿನ ಪರೀಕ್ಷೆ. ನೀನು ಹೇಳಿದ್ದು ಕೊಳ್ಳೋಣ."

ಅವಳು ಜಗಳ ಆಡಿದ್ದರೆ ಜಲಜಮ್ಮನಿಗೆ ಸುಲಭವಾಗುತ್ತಿತ್ತು.

ಕರೋಲ್ ಬಾಗಿನ ಆ ದಿನವನ್ನು ಅವರು ಮತ್ತೆ ನೆನೆದರು. ಜನಕ್ಕೆ ನೆನಪಿರುವುದು ಹಿಟ್ಟು ತೇಲಿದ್ದು. ಜಲಜಮ್ಮನಿಗೆ ನೆನಪಿರುವುದು ಅದು ತೇಲಿದ ರೀತಿ. ಮೈ ಅರ್ಧ ನೀರಿನೊಳಗೆ, ಅರ್ಧ ಮೇಲೆ. ದಾವಣಗೆರೆಯಿಂದ ರೈಲಿನಲ್ಲಿ ತಂದ ಒರಳುಕಲ್ಲಿನಲ್ಲಿ ರುಬ್ಬಿದ ಹಿಟ್ಟಾದರೆ ಅರಳೆಯಂತೆ ನೀರಿನ ಮೇಲೇ ನಿಲ್ಲುತ್ತಿತ್ತು. ಕಲ್ಲೇ ಉತ್ತಮ ಅಂತ ಆವತ್ತೂ ಅವರಿಗೆ ಗೊತ್ತಿತ್ತು. ಆದರೂ ಮಿಕ್ಸಿ ಕೊಂಡರು. ಯಾಕೆ ಕೊಂಡರು?

ಕಲ್ಲು ಬಾಲ್ಕನಿ ಬಿಟ್ಟು ಕದಲುತ್ತಿರಲಿಲ್ಲ. ಅದಕ್ಕೇ. ಕರೆದವರಿಗೆ ಹಿಟ್ಟು ರುಬ್ಬಿಕೊಡಲು ಮಿಕ್ಸಿಯನ್ನು ಚೀಲದಲ್ಲಿ ಹಾಕಿಕೊಂಡು ಅವರು ಬಸ್ಸು ಹತ್ತಿದರು. ಕರೋಲ್ ಬಾಗಿನ ಮದುವೆ ಮನೆಗೆ ಹೋದರು, ಕನ್ನಡ ಸಂಘದ ಸಮಾರಂಭಕ್ಕೆ ಹೋದರು, ತಂಗಿಯ ಬಾಣಂತನಕ್ಕೆ ಒಬ್ಬರೇ ಲೂಧಿಯಾನಕ್ಕೂ ಹೋದರು. ಅಲ್ಲಿಯವರೆಗೆ ಗಂಡನಿಲ್ಲದೆ ಮಾರ್ಕೆಟ್ಟು ದಾಟದಿದ್ದ ಹೆಂಗಸು. ಗಂಡ ಬಾಗಿಲಲ್ಲಿ ನಿಂತು, "ಇನ್ನು ನಿನ್ನನ್ನ ಹಿಡಿಯೋರು ಯಾರು?" ಅಂದಿದ್ದರು. ಅದು ತಮಾಷೆಯೋ, ಸಿಟ್ಟೋ, ಬೇಸರವೋ ಇವತ್ತಿಗೂ ಜಲಜಮ್ಮನಿಗೆ ಬಗೆಹರಿದಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

"ಭಯ್ಯಾ," ಅಂದರು. "ಅದನ್ನ ಹಾಕಿಕೊಳ್ಳೋಕೆ ಚೀಲ ಇದೆಯಾ?"

ಗುಲಾಟಿ ಕಪ್ಪು ಚೀಲ ತೆಗೆದು ಲ್ಯಾಪ್‌ಟಾಪು ಇಟ್ಟುಕೊಟ್ಟ.

"ಹೆಗಲಿಗೆ ಹಾಕ್ಕೋ," ಅಂದರು ಮೊಮ್ಮಗಳಿಗೆ. "ಬಾಗಿಲವರೆಗೆ ನಡಿ."

ಚೀಲ ಭಾರವಿತ್ತು. ಒಂದು ಹೆಗಲು ತಗ್ಗಿತು. ಪ್ರಕೃತಿ ಪಟ್ಟಿ ಸರಿಮಾಡಿಕೊಂಡು ಬಾಗಿಲವರೆಗೆ ನಡೆದಳು, ಹೊಸ್ತಿಲಲ್ಲಿ ನಿಂತು ಹಿಂದಿರುಗಿ ನೋಡಿದಳು. ಅವಳ ಹಿಂದೆ ನೆಹರೂ ಪ್ಲೇಸಿನ ಬಿಸಿಲು, ಜನ.

"ಹೂಂ," ಅಂದರು ಜಲಜಮ್ಮ.

ಸುದರ್ಶನ್‌ಗೆ ಅರ್ಥವಾಗಲಿಲ್ಲ. "ಅಮ್ಮಾ, ಪರೀಕ್ಷೆಯಲ್ಲಿ ಗೆದ್ದದ್ದು ಆ ದೊಡ್ಡದಲ್ಲವಾ?"

"ಹೌದು."

"ಮತ್ತೆ? ಇದು ಅಷ್ಟು ಬಾಳುತ್ತಾ?"

"ನನಗೂ ತಿಳೀತಿಲ್ಲ ಕಣೋ. ಕೊಟ್ಟುಬಿಡು."

ಸಂಜೆ ಪ್ರಕೃತಿ ತನ್ನ ಮಂಚದ ಮೇಲೆ ಯಂತ್ರ ತೆರೆದಿಟ್ಟುಕೊಂಡು ಕೂತಳು. ಸುಮಿತ್ರಾ ಬಂದು ಅದಕ್ಕೆ ಕುಂಕುಮ ಇಟ್ಟು, "ಬೆಲೆ ನೋಡಿದ್ರೆ ಇದಕ್ಕೆ ಆರತಿಯನ್ನೂ ಎತ್ತಬೇಕು" ಅಂದು ಹೋದಳು. ಚಳಿ ಆಗಲೇ ಶುರುವಾಗಿತ್ತು. ಜಲಜಮ್ಮ ಪಕ್ಕದಲ್ಲಿ ಕೂತು, ಯಂತ್ರದ ಬದಿಯಿಂದ ಬರುವ ಬಿಸಿಗಾಳಿಗೆ ಅಂಗೈ ಒಡ್ಡಿದರು. ಇದೊಂದು ಉಪಯೋಗವಂತೂ ಸಿಕ್ಕಿತು ಅಂದುಕೊಂಡರು. ಇದೂ ಕಛ್‌ಗೆ ಹೋಗುತ್ತದಲ್ಲ ಎಂಬುದು ಆಮೇಲೆ ನೆನಪಾಯಿತು.

ಪರದೆಯ ಮೇಲೆ ಒಂದು ಗೋಡೆ ಏಳುತ್ತಿತ್ತು. ಅದರ ಮೇಲೆ ಓರೆಯಾಗಿ ಬಿಸಿಲು ಬಂತು.

"ಇದು ಬೆಳಗಿನ ಬಿಸಿಲೋ ಸಂಜೇದೋ?"

"ಬೆಳಗಿನದು ಅಜ್ಜಿ. ಮಕ್ಕಳು ಬರೋ ಹೊತ್ತಿನದು."

ಜಲಜಮ್ಮ ಬಹಳ ಹೊತ್ತು ನೋಡಿದರು. ಗೋಡೆ ಇನ್ನೂ ಇಲ್ಲ. ಮಕ್ಕಳು ಮಾತ್ರ ಎಲ್ಲೋ ಇದ್ದಾರೆ. ಪಕ್ಕದ ಮಂಚದಲ್ಲಿ ಹುಡುಗಿ ಇವತ್ತು ಇದ್ದಾಳೆ, ಜನವರಿಗೆ ಇರುವುದಿಲ್ಲ. ಹಾಗಾದರೆ ಇವತ್ತು ತಾವು ಹೂಂ ಅಂದದ್ದು ಯಾವುದಕ್ಕೆ? ಯಾವ ಕಡೆಯಿಂದ ನೋಡಿದರೂ ತುದಿ ಸಿಗಲಿಲ್ಲ.

ಅಟ್ಟದ ಮೇಲೆ ಹಳೆಯ ಮಿಕ್ಸಿ ಇನ್ನೂ ಅದೇ ಚೀಲದಲ್ಲಿತ್ತು.

"ಅಲ್ಲ ಕಣೇ," ಅಂದರು ಕಡೆಗೆ, "ಅಲ್ಲಿ ಉದ್ದಿನಬೇಳೆ ಸಿಗುತ್ತಾ?"

"ಪತಾ ನಹೀ ಅಜ್ಜಿ," ಅಂದಳು ಪ್ರಕೃತಿ, ಬಿಸಿಲಿನಿಂದ ಕಣ್ಣು ತೆಗೆಯದೆ. "ಹೋಗಿ ನೋಡಿ ಹೇಳ್ತೀನಿ."