ತಿರುವಿನಲ್ಲಿ ಚಾಚಿದ ಕವಳ

ವೀಳ್ಯದೆಲೆಯ ತೊಟ್ಟು ಮುರಿದು, ಬೆನ್ನಿನ ನಾರು ತೆಗೆದು, ಸುಣ್ಣ ಸವರುತ್ತ ಕೂತಿದ್ದೆ. ಏಳು ಕವಳ ಮಡಚಿ ಒದ್ದೆ ಬಟ್ಟೆಯ ಕೆಳಗೆ ಇಟ್ಟಾಗಿತ್ತು. ಎಂಟನೆಯದಕ್ಕೆ ಅಡಿಕೆ ಹೋಳು ಹಾಕುವಾಗ ಕೆಳಗಿನ ಏರಿನಲ್ಲಿ ನಾಟಾ ಲಾರಿಯ ಹಾರ್ನು ಎರಡು ಸಲ ಕೂಗಿತು. ಎರಡು ಸಲ ಅಂದರೆ ಬೆಳ್ಳಪ್ಪ. ನಾನು ಏಳಲಿಲ್ಲ.

ಹೊಸನಗರದಿಂದ ರಿಪ್ಪನ್‌ಪೇಟೆಗೆ ಹೋಗುವ ದಾರಿಯಲ್ಲಿ ಬಸರಿಮರದ ತಿರುವು ಅಂತ ಒಂದಿದೆ. ತಿರುವಿನ ಒಳಗಡೆ ನನ್ನ ಗೂಡಂಗಡಿ. ಕಾಡಿನಿಂದ ದಿಮ್ಮಿ ಹೇರಿಕೊಂಡು ಸಾಗರದ ಮಿಲ್ಲುಗಳಿಗೆ ಹೋಗುವ ಲಾರಿಗಳೆಲ್ಲ ಈ ಏರನ್ನು ಹತ್ತಲೇಬೇಕು. ಭಾರದ ಲಾರಿಯನ್ನು ಏರಿನ ನಡುವೆ ನಿಲ್ಲಿಸಿದರೆ ಮತ್ತೆ ಎಬ್ಬಿಸುವುದು ಕಷ್ಟ. ಚಕ್ರದ ಹಿಂದೆ ಕಲ್ಲು ಕೊಡಬೇಕು, ಹಿಂದೆ ಜಾರಿದರೆ ಕಣಿವೆಯೇ ಗತಿ. ಹಾಗಾಗಿ ಡ್ರೈವರುಗಳು ನಿಲ್ಲಿಸುತ್ತಿರಲಿಲ್ಲ. ಕೆಳಗಿನಿಂದಲೇ ಹಾರ್ನು ಹಾಕುತ್ತಿದ್ದರು. ನಾನು ಕವಳ ಹಿಡಿದು ರಸ್ತೆಯ ಅಂಚಿಗೆ ಹೋಗಿ ಕೈ ಎತ್ತಿ ನಿಲ್ಲುತ್ತಿದ್ದೆ. ಲಾರಿ ಮನುಷ್ಯ ನಡೆದಷ್ಟೇ ನಿಧಾನಕ್ಕೆ ಬರುತ್ತಿತ್ತು. ಡ್ರೈವರು ಬಲಗೈ ಹೊರಗೆ ಚಾಚಿ ನನ್ನ ಕೈಯಿಂದ ಕವಳ ತೆಗೆದುಕೊಂಡು ಹೋಗುತ್ತಿದ್ದ. ಹನ್ನೊಂದು ವರ್ಷ ಹಾಗೆ ಕೊಟ್ಟಿದ್ದೇನೆ. ಒಂದು ಕವಳವೂ ಕೆಳಗೆ ಬಿದ್ದಿಲ್ಲ ಅಂತ ನನಗೆ ಜಂಬವೂ ಇತ್ತು.

ಈಗ ಕೊಡುವುದಿಲ್ಲ. ಬೇಕಾದವರು ಏರು ಹತ್ತಿ, ಮೇಲಿನ ಸಮತಟ್ಟಿನಲ್ಲಿ ಲಾರಿ ನಿಲ್ಲಿಸಿ, ನಡೆದು ಬರಬೇಕು.

ಬೆಳ್ಳಪ್ಪ ನಡೆದು ಬಂದ. ಹೆಗಲ ಮೇಲಿನ ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತ ದೂರದಿಂದಲೇ ಶುರು ಮಾಡಿದ.

"ಎಂತ ದುಗ್ಗಮ್ಮಾ, ಒಂದು ಕವಳಕ್ಕೆ ಅರ್ಧ ಫರ್ಲಾಂಗು ನಡೆಸ್ತೀರಲ್ಲ!"

"ನಡೆದ್ರೆ ಹೊಟ್ಟೆ ಕರಗ್ತದೆ ಮಾರಾಯ. ಸ್ಟೇರಿಂಗಿಗೆ ತಾಗ್ತಾ ಇದೆ ಅದು."

"ರಿಪ್ಪನ್‌ಪೇಟೆ ಹತ್ರ ಒಬ್ಳು ಹುಡುಗಿ ಓಡಿಬಂದು ಕೊಡ್ತಾಳೆ, ಗೊತ್ತುಂಟಾ?"

"ಹಂಗಾದ್ರೆ ಅಲ್ಲೇ ತಗೋ. ನಾನು ಬೇಡ ಅಂದ್ನಾ?"

ಅವನು ನಕ್ಕು ಬೆಂಚಿನ ಮೇಲೆ ಕೂತ. ಅವನಿಗೆ ಕೊಡಬೇಕಾದದ್ದು ಕವಳ ಮಾತ್ರ ಆಗಿರಲಿಲ್ಲ. ಸುಣ್ಣದ ಡಬ್ಬಿಯ ಕೆಳಗೆ ಒಂದು ಪೋಸ್ಟ್ ಕಾರ್ಡಿತ್ತು. ಅದನ್ನು ಟಪ್ಪಾಲಿಗೆ ಹಾಕುವ ಮೊದಲು ಇವನಿಗೆ ತಿಳಿಸಬೇಕು ಅಂತ ಮೂರು ದಿನದಿಂದ ಕಾದಿದ್ದೆ.

ಕಾರ್ಡು ಯಾಕೆ ಅಂತ ಹೇಳಬೇಕಾದರೆ ಅರವತ್ತೊಂದನೇ ಇಸವಿಯ ಕಾರ್ತೀಕಕ್ಕೆ ಹೋಗಬೇಕು.

ಅವತ್ತು ಮಧ್ಯಾಹ್ನ ಬೆಳ್ಳಪ್ಪನ ಲಾರಿ ಹೀಗೇ ಎರಡು ಸಲ ಕೂಗಿಕೊಂಡು ಬಂತು. ಮೇಲೆ ಮತ್ತಿಮರದ ದಿಮ್ಮಿಗಳು, ಲಾರಿಗಿಂತ ಒಂದು ಆಳುದ್ದ ಹಿಂದಕ್ಕೆ ಚಾಚಿದ್ದವು. ನಿಂಗಪ್ಪ ಎನ್ನುವವನು ಸೊಪ್ಪಿನ ಹೊರೆ ಹೊತ್ತು ಏರು ಇಳಿದು ಬರುತ್ತಿದ್ದ. ಇಲ್ಲೇ ಕೆಳಗೆ ಗದ್ದೆ ಗೇಣಿಗೆ ಮಾಡಿಕೊಂಡಿದ್ದ. ಲಾರಿ ಕಂಡು ಅವನು ರಸ್ತೆ ಬಿಟ್ಟು ಆಚೆಯ ಅಂಚಿಗೆ, ಚರಂಡಿಗೇ ಇಳಿದು ನಿಂತ. ನಾನು ನೋಡಿದ್ದೇನೆ. ನಿಲ್ಲಬೇಕಾದ ಕಡೆಯೇ ನಿಂತಿದ್ದ.

ನಾನು ನಿಲ್ಲುವ ಜಾಗದಲ್ಲಿ ಅವತ್ತು ಕೆಸರಿತ್ತು, ನಾನೇ ಲೋಟ ತೊಳೆದು ಚೆಲ್ಲಿದ ನೀರು. ಕಾಲಿಗೆ ಕೆಸರಾಗುತ್ತದೆ ಅಂತ ಒಂದು ಹೆಜ್ಜೆ ಹಿಂದೆ ನಿಂತು ಕೈ ಚಾಚಿದೆ. ಬೆಳ್ಳಪ್ಪನ ಕೈ ಎಟುಕಲಿಲ್ಲ. ಎಟುಕಲಿ ಅಂತ ಅವನು ನನ್ನ ಕೈಯನ್ನೇ ನೋಡುತ್ತ ಚಕ್ರವನ್ನು ನನ್ನ ಕಡೆಗೆ ಇನ್ನಷ್ಟು ತಿರುಗಿಸಿದ. ಲಾರಿಯ ಮೂತಿ ಬಲಕ್ಕೆ ಬಂತು. ಹಿಂದಿನ ದಿಮ್ಮಿಯ ಬಾಲ ಎಡಕ್ಕೆ ಬೀಸಿತು. ಬೀಸಿದ್ದು ನಿಧಾನಕ್ಕೇ, ಬಾಗಿಲು ತೆರೆದ ಹಾಗೆ. ನಿಂಗಪ್ಪನ ಹೊರೆ ಹಾರಿತು, ಅವನು ಚರಂಡಿಯ ಕಲ್ಲಿನ ಮೇಲೆ ಬಿದ್ದ.

ಕವಳ ಬೆಳ್ಳಪ್ಪನ ಕೈ ಸೇರಿತ್ತು.

ನಾನು ಓಡಿಹೋಗಿ ನಿಂಗಪ್ಪನ ಬಾಯಿಗೆ ನೀರು ಬಿಟ್ಟೆ. ಬಾಯಲ್ಲಿ ರಕ್ತದ ವಾಸನೆ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಬಸ್ಸು ಬರುವ ಮೊದಲೇ ಜೀವ ಹೋಯಿತು.

ಸಂಜೆ ಠಾಣೆಯವರು ಬಂದರು. ಬರೆದುಕೊಳ್ಳುವವನು ನನ್ನನ್ನು ಕೇಳಿದ, ಏನು ನೋಡಿದೆ ಅಂತ. ಬೆಳ್ಳಪ್ಪ ದೂರದಲ್ಲಿ ತಲೆಯ ಮೇಲೆ ಕೈ ಇಟ್ಟು ಕೂತಿದ್ದ. ಅವನು ನನಗೇನೂ ಹೇಳಿಕೊಟ್ಟಿರಲಿಲ್ಲ. ಕವಳದ ಮಾತು ಬಂದರೆ ನಾನೂ ಕೇಸಿಗೆ ಬೀಳುತ್ತೇನೆ, ಅಂಗಡಿ ಕಿತ್ತು ಹಾಕುತ್ತಾರೆ ಅಂತ ನನ್ನ ತಲೆಗೆ ಬಂತು. ಗಂಡ ತೀರಿಕೊಂಡ ಮೇಲೆ ನನಗಿದ್ದದ್ದು ಆ ಗೂಡೊಂದೇ. "ಕುಡಿದಿದ್ದ ಸ್ವಾಮಿ, ತೂರಾಡ್ತಾ ಬಂದು ದಿಮ್ಮಿಗೆ ಹಾಯ್ದ" ಅಂದೆ. ನಿಂಗಪ್ಪ ಹಿಂದೆಲ್ಲ ಕುಡಿಯುತ್ತಿದ್ದದ್ದು ಊರಿಗೇ ಗೊತ್ತು, ಹಾಗಾಗಿ ಯಾರೂ ಮತ್ತೆ ಕೇಳಲಿಲ್ಲ. ಬರೆದದ್ದರ ಕೆಳಗೆ ಹೆಬ್ಬೆಟ್ಟು ಒತ್ತು ಅಂದರು. ಒತ್ತಿದೆ. ಬೆರಳಿನ ಸುಣ್ಣ ಶಾಯಿಗೆ ಸೇರಿ ಗುರುತು ಸರಿ ಮೂಡಲಿಲ್ಲ. ತೊಳೆದು ಬಂದು ಎರಡನೇ ಸಲ ಒತ್ತಿದೆ.

ಆಮೇಲೆ ಎರಡು ವರ್ಷಕ್ಕೆ ರಾಮಚಂದ್ರಪ್ಪ ಮೇಷ್ಟ್ರು ದೊಡ್ಡವರಿಗೆ ರಾತ್ರಿ ಶಾಲೆ ಶುರು ಮಾಡಿದರು. ಕೂದಲು ಹಣ್ಣಾದವಳು ನಾನೊಬ್ಬಳೇ. ಅಕ್ಷರ ಗಟ್ಟಿಯಾದದ್ದು ಮಾತ್ರ ಅಂಗಡಿಯಲ್ಲಿ. ಏರು ಹತ್ತುವ ಲಾರಿಯ ಹಿಂಬದಿಯ ಹಲಗೆಯಲ್ಲಿ ಬರೆದದ್ದನ್ನು ಕೂಡಿಸಿ ಕೂಡಿಸಿ ಓದುತ್ತಿದ್ದೆ. ಭಾರದ ಲಾರಿ ನಿಧಾನಕ್ಕೆ ಹೋಗುತ್ತದೆ, ಒತ್ತಕ್ಷರಕ್ಕೂ ಸಮಯ ಸಿಗುತ್ತಿತ್ತು. ಬರೆಯಲು ಬಂದ ಕೂಡಲೇ ಒಂದು ಇನ್‌ಲ್ಯಾಂಡ್ ಕಾಗದ ತಂದು ನಿಂಗಪ್ಪನ ಹೆಂಡತಿ ಯಮುನಮ್ಮನಿಗೆ ನಡೆದದ್ದನ್ನೆಲ್ಲ ಬರೆದೆ. ಬರೆದು ಡಬ್ಬಿಯಲ್ಲಿ ಇಟ್ಟೆ. ಟಪ್ಪಾಲಿಗೆ ಹಾಕಲು ಧೈರ್ಯ ಬರಲಿಲ್ಲ. ಮಳೆಗಾಲದ ತೇವಕ್ಕೆ ಅದು ತಾನಾಗಿಯೇ ಅಂಟಿಕೊಂಡಿತು. ಕೈಯಿಂದ ಕವಳ ಕೊಡುವುದನ್ನು ಮಾತ್ರ ನಿಲ್ಲಿಸಿದೆ. ಅಷ್ಟು ಮಾಡಿದರೆ ಸಾಕು ಅಂತ ನನಗೆ ನಾನೇ ಹೇಳಿಕೊಂಡೆ.

ಸಾಕಾಗಲಿಲ್ಲ. ಈ ಭಾದ್ರಪದದಲ್ಲಿ ಯಮುನಮ್ಮ ಬಂದಳು.

ನಿಂಗಪ್ಪ ಸತ್ತ ಮೇಲೆ ಅವಳು ತೀರ್ಥಹಳ್ಳಿ ಕಡೆ, ಆರಗದ ಹತ್ತಿರ ಗಂಡನ ಮೂಲಮನೆಗೆ ಹೋಗಿ ಮೈದುನನ ಜೊತೆ ಇದ್ದಾಳೆ. ತವರಿಗೆ ಹೊರಟವಳು ಬಸ್ಸಿಳಿದು ನನ್ನ ಬೆಂಚಿನ ಮೇಲೆ ಕೂತಳು. ಮಜ್ಜಿಗೆ ಕೊಟ್ಟೆ.

"ನಿನ್ನ ಋಣ ಮರಿಯಾಕಿಲ್ಲ ದುಗ್ಗಕ್ಕ. ಅವರ ಬಾಯಿಗೆ ಕೊನೇ ನೀರು ಬಿಟ್ಟೋಳು ನೀನು," ಅಂದಳು.

ನಾನು ಲೋಟ ತೊಳೆಯಲು ತಿರುಗಿದೆ.

"ಹಿರಿಯರ ಹಬ್ಬ ಬಂತು ನೋಡು," ಅಂತ ಅವಳೇ ಮುಂದುವರಿಸಿದಳು. "ಅದು ಬಂದ್ರೆ ನಂಗೆ ಎದೆ ಉರಿ. ಅವರಿಗೆ ಕಡುಬು ಅಂದ್ರೆ ಪ್ರಾಣ, ಎಡೆಗೆ ಮಾಡಿಡ್ತೀನಿ. ಮೈದುನ ಕಡುಬಿನ ಪಕ್ಕ ಒಂದು ಲೋಟ ಕಳ್ಳಬಟ್ಟಿ ತಂದು ಇಡ್ತಾನೆ. ಬೇಡ ಅಂದ್ರೆ, 'ಸತ್ತೋರಿಗೆ ಇಷ್ಟ ಆಗಿದ್ದು ಇಡ್ಬೇಕಲ್ಲ ಅತ್ತಿಗೆ, ಅಣ್ಣ ಹೋಗಿದ್ದೇ ಅದನ್ನ ಕುಡ್ದು' ಅಂತಾನೆ. ನೆಂಟರ ಎದುರಿಗೆ! ಐದು ವರ್ಷ ಇಟ್ಟಾಯ್ತು."

"ನೀನು ಏನಂತೀಯ?"

"ನಾನೆಂತ ಹೇಳ್ಲಿ? ಸಾಯೋಕೆ ಮೂರು ತಿಂಗಳು ಮೊದ್ಲು ಧರ್ಮಸ್ಥಳದ ಆಣೆ ಹಾಕಿ ಕುಡಿಯೋದು ಬಿಟ್ಟಿದ್ರು. ನನ್ನ ತಲೆ ಮೇಲೆ ಕೈ ಇಟ್ಟು ಬಿಟ್ಟಿದ್ರು. ಅದನ್ನೂ ಮುರಿದ್ರಲ್ಲ." ಆಮೇಲೆ ಕೇಳಿದಳು. "ಆಣೆ ಮುರಿದು ಸತ್ತೋರಿಗೆ ನಾವು ಬಿಟ್ಟ ನೀರು ಮುಟ್ಟತ್ತಾ ದುಗ್ಗಕ್ಕ? ಅದಕ್ಕೇ ಸೋಮವಾರ ಒಪ್ಪೊತ್ತು ಮಾಡ್ತಿದೀನಿ."

"ಮುಟ್ಟತ್ತೆ, ಮುಟ್ಟತ್ತೆ," ಅಂದೆ. ಅಷ್ಟೇ ಹೇಳಿದ್ದು. ಎದುರಿಗೆ ಕೂತವಳಿಗೆ ಹೇಳಲು ಬಾಯಿ ಬರಲಿಲ್ಲ. ಅವಳು ಮುಂದಿನ ಬಸ್ಸಿಗೆ ಹೋದಳು.

ಮರುದಿನ ಡಬ್ಬಿಯ ಇನ್‌ಲ್ಯಾಂಡ್ ತೆಗೆದು ರಾಮಚಂದ್ರಪ್ಪ ಮೇಷ್ಟ್ರ ಹತ್ತಿರ ಹೋದೆ. "ಇದು ಅಂಟಿ ಹೋಗಿದೆ, ಹೀಗೇ ಹಾಕಬಹುದಾ?" ಅಂತ ಕೇಳಿದೆ. ಅವರು ತಿರುಗಿಸಿ ನೋಡಿದರು.

"ಯಮುನಮ್ಮನಿಗೆ ಓದಲಿಕ್ಕೆ ಬರುತ್ತದೋ?"

"ಇಲ್ಲ ಮೇಷ್ಟ್ರೆ."

"ಹಾಗಾದರೆ ಯಾರು ಓದಿ ಹೇಳುತ್ತಾರೆ?"

"ಮೈದುನ," ಅಂದೆ. ಅಂದ ಮೇಲೆ ನನಗೇ ಹೊಳೆಯಿತು, ಅವನು ತನಗೆ ಬೇಕಾದಷ್ಟು ಓದಿ, ಬೇಡದ್ದನ್ನು ನುಂಗಿಬಿಟ್ಟರೆ?

"ಒಂದು ಕಾರ್ಡಿದ್ದರೆ ಕೊಡಿ," ಅಂದೆ.

"ಕಾರ್ಡನ್ನು ದಾರಿಯಲ್ಲಿ ಎಲ್ಲರೂ ಓದುತ್ತಾರೆ ದುಗ್ಗಮ್ಮ. ಗುಟ್ಟಿದ್ದರೆ ಕವರಿನಲ್ಲಿ ಹಾಕಿ."

ಅವರು ಒಳ್ಳೆಯದಕ್ಕೇ ಹೇಳಿದರು. ಆದರೆ ನಾನು ಸುಳ್ಳು ಹೇಳಿದ್ದು ಕವರಿನಲ್ಲಿ ಹಾಕಿ ಅಲ್ಲ, ರಸ್ತೆಯಲ್ಲಿ ನಿಂತು, ಹತ್ತು ಜನರ ಎದುರಿಗೆ. ಮನೆಗೆ ಬಂದು ಕಾರ್ಡಿನಲ್ಲಿ ಹಿಡಿಸುವಷ್ಟು ಸಣ್ಣಗೆ ಬರೆದೆ.

ಈಗ ಅದನ್ನೇ ಸುಣ್ಣದ ಡಬ್ಬಿಯ ಕೆಳಗಿನಿಂದ ತೆಗೆದು ಬೆಳ್ಳಪ್ಪನ ಕೈಗೆ ಕೊಟ್ಟೆ. ಅವನು ಬೆರಳಿಟ್ಟು ಓದಿದ.

"ಯಮುನಮ್ಮನಿಗೆ ಬಸರಿಮರದ ತಿರುವಿನ ದುಗ್ಗಮ್ಮ ಬರೆಯುವುದು. ನಿನ್ನ ಗಂಡ ಅವತ್ತು ಕುಡಿದಿರಲಿಲ್ಲ. ಹೊರೆ ಹೊತ್ತು ಚರಂಡಿಯಲ್ಲಿ ಸುಮ್ಮನೆ ನಿಂತಿದ್ದ. ಡ್ರೈವರು ನನ್ನ ಕೈಯ ಕವಳ ನೋಡಿದ, ರಸ್ತೆ ನೋಡಲಿಲ್ಲ. ನಾನು ಹಿಂದೆ ನಿಂತದ್ದಕ್ಕೆ ಲಾರಿಯನ್ನು ನನ್ನ ಕಡೆ ತಿರುಗಿಸಿದ. ದಿಮ್ಮಿಯ ಬಾಲ ನಿಂಗಪ್ಪನಿಗೆ ಬಡಿಯಿತು. ಕುಡಿದಿದ್ದ ಅಂತ ಸುಳ್ಳು ಹೇಳಿ ಹೆಬ್ಬೆಟ್ಟು ಒತ್ತಿದವಳು ನಾನು. ಅವನು ಆಣೆ ಮುರಿದಿಲ್ಲ. ಎಡೆಯಲ್ಲಿ ಲೋಟ ಇಡಬಾರದು. ಯಾರು ಕೇಳಿದರೂ ಬಂದು ಹೇಳುತ್ತೇನೆ."

ಕೆಳಗೆ ಹೆಬ್ಬೆಟ್ಟಿರಲಿಲ್ಲ, ನನ್ನ ಹೆಸರಿತ್ತು.

"ಆರು ವರ್ಷ ಆಗ್ತಾ ಬಂತು," ಅಂದ ಬೆಳ್ಳಪ್ಪ. "ಈಗ ಎಂತಕ್ಕೆ ದುಗ್ಗಮ್ಮಾ? ಲೈಸೆನ್ಸಿಗೆ ಕುತ್ತು ಬರ್ತದೆ. ನಂಗೆ ಮೂರು ಹೆಣ್ಮಕ್ಕಳು."

"ಬರಬಹುದು. ನನ್ನ ಅಂಗಡಿಗೂ ಬರಬಹುದು. ಅದಕ್ಕೇ ಮೊದ್ಲು ನಿಂಗೆ ತೋರ್ಸಿದ್ದು."

"ನನ್ನ ಹೆಸರು ಹಾಕ್ಲಿಲ್ಲ ನೀವು."

"ನನ್ನ ಸುಳ್ಳಿಗೆ ನನ್ನ ಹೆಸರು ಸಾಕು. ಆದ್ರೆ ಕೇಳಿದ್ರೆ ಹೇಳ್ತೀನಿ. ಇನ್ನು ಸುಳ್ಳು ಹೇಳಾಕಿಲ್ಲ."

ಅವನು ಕಾರ್ಡನ್ನು ಹಿಡಿದೇ ಇದ್ದ. ಹರಿಯುತ್ತಾನೇನೋ ಅನಿಸಿತು. ಹರಿದರೆ ಇನ್ನೊಂದು ಬರೆಯುವುದು ಅಂತ ಕೂತಿದ್ದೆ.

"ನಂಗೆ ಅವತ್ತು ಗೊತ್ತೇ ಆಗ್ಲಿಲ್ಲ," ಅಂದ ಕೊನೆಗೆ. "ಕವಳ ಬಾಯಿಗೆ ಹಾಕ್ಕೊಂಡೆ. ಒಳ್ಳೆ ಖಾರ ಇತ್ತು. ಹಿಂದೆ ನೀವು ಕೂಗಿದ್ದು ಕೇಳಿ, ದಿಮ್ಮಿಗೆ ಕಟ್ಟಿದ ಹಗ್ಗ ಬಿಚ್ಚಿತೇನೋ ಅಂದ್ಕೊಂಡೆ. ಕನ್ನಡಿ ಒಂದ್ಸಲ ನೋಡಿದ್ರೆ ಸಾಕಿತ್ತು."

ಕಾರ್ಡನ್ನು ಬೆಂಚಿನ ಮೇಲೆ ಇಟ್ಟು ಎದ್ದು ಏರು ಹತ್ತಿ ಹೋದ. ಕವಳ ತೆಗೆದುಕೊಳ್ಳಲಿಲ್ಲ. ಮೇಲೆ ಲಾರಿ ಹೊರಟ ಸದ್ದು ಬಹಳ ಹೊತ್ತಿನ ಮೇಲೆ ಕೇಳಿತು.

ಟಪ್ಪಾಲಿನ ವೆಂಕಟ್ರಮಣ ಮೂರು ಗಂಟೆಗೆ ಸೈಕಲ್ಲು ತಳ್ಳಿಕೊಂಡು ಬಂದ. ಯಾವಾಗಲೂ ಹಾಗೆ, ಕಾರ್ಡು ಕೈಗೆ ಬಂದ ತಕ್ಷಣ ತಿರುಗಿಸಿ ಓದತೊಡಗಿದ. ಓದುತ್ತ ಓದುತ್ತ ಅವನ ತುಟಿ ಆಡುವುದು ನಿಂತಿತು.

"ಅಕ್ಕಾ, ಇದು... ನಾನು ಓದಬಾರದಿತ್ತು."

"ಓದಿದ್ದು ಒಳ್ಳೇದಾಯ್ತು. ಹಿರಿಯರ ಹಬ್ಬದ ಅಮಾಸೆ ಒಳಗೆ ಆರಗ ಮುಟ್ಟತ್ತಾ?"

"ಹನ್ನೆರಡು ದಿನ ಉಂಟು, ಮುಟ್ಟತ್ತೆ. ಆದ್ರೆ ಅಲ್ಲಿ ಪೋಸ್ಟಿನೋರೂ ಓದ್ತಾರೆ. ಕವರ್ ಉಂಟು ನನ್ನ ಹತ್ರ, ಬೇಕಾದ್ರೆ—"

"ಬೇಡ. ಓದಿ ಅವಳ ಕೈಗೇ ಕೊಡ್ಲಿ. ಕೊಡುವಾಗ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದ್ಲಿ ಅಂತ ನೀನೊಂದು ಮಾತು ಹೇಳಿ ಕಳ್ಸು."

ವೆಂಕಟ್ರಮಣ ಚೀಲದ ಬಾಯಿ ಬಿಚ್ಚಿದ. ಕಾರ್ಡಿನ ಮೂಲೆಯಲ್ಲಿ ನನ್ನ ಬೆರಳಿನ ಸುಣ್ಣ ಅಂಟಿತ್ತು. ಅವನು ಅದನ್ನು ಅಂಗಿಗೆ ಒರೆಸಿ, ಬೇರೆ ಕಾಗದಗಳ ಮೇಲೆ ಇಟ್ಟು, ಚೀಲ ಕಟ್ಟಿ, ಸೈಕಲ್ಲು ಹತ್ತಿದ.