ಮೂಗಿನ ಹಾಡು

"ಇವತ್ತೇ ತೆಗೆದುಹಾಕು ಆ ಹಾಡನ್ನ! ಅಮ್ಮ ಸತ್ತು ಮೂರು ದಿನ ಆಗಿಲ್ಲ, ನಾಚಿಕೆ ಅನ್ನೋದು ಬೇಡ್ವೇನೋ ನಿನಗೆ?"

ಮಿಂಡೆಲ್ ಸೂತಕದವರು ಕೂರುವ ಗಿಡ್ಡ ಸ್ಟೂಲಿನಿಂದ ಎದ್ದೇಬಿಟ್ಟಿದ್ದಳು. ಪಕ್ಕದ ಸ್ಟೂಲಿನಲ್ಲಿ, ಸೂತಕಕ್ಕೆ ಅಂಗಿಯ ಕೊರಳು ಹರಿದುಕೊಂಡು ಕೂತಿದ್ದ ತಮ್ಮ ಶಾಯಾ ತಲೆ ಎತ್ತಲಿಲ್ಲ.

ಆ ಹಾಡು ಶಾಯಾ ಇಂಟರ್ನೆಟ್ಟಿಗೆ ಹಾಕಿದ್ದ ಮೂರು ನಿಮಿಷದ ವಿಡಿಯೋ. ಯೆಹೂದಿಗಳೆಂದರೆ ದೊಡ್ಡ ಮೂಗು, ದುಡ್ಡಿನಾಸೆ ಎಂದು ಜನ ಹಂಗಿಸುವಂತೆಯೇ ಅವನು ಅಂಗೈಯಗಲದ ಮೂಗು ಅಂಟಿಸಿಕೊಂಡು, ಡಾಲರ್ ನೋಟು ಮೂಸುತ್ತಾ ಕುಣಿಯುತ್ತಾನೆ. ಹಾಡಿನಲ್ಲಿ ತಾಯಿಯೊಬ್ಬಳು ಹದಿನಾರರ ಮಗಳ ಹುಟ್ಟುಹಬ್ಬಕ್ಕೆ ಡಾಕ್ಟರ ಕೈಯಲ್ಲಿ ಹೊಸ ಮೂಗು ಮಾಡಿಸುತ್ತಾಳೆ. ಆ ಮಗಳು ಯಾರೆಂದು ಅಮೆರಿಕದ ಆ ಯುಟಿಕಾ ಊರಿನಲ್ಲಿ ಉಳಿದಿರುವ ಬೆರಳೆಣಿಕೆಯ ಯೆಹೂದಿ ಮನೆಗಳಿಗೆಲ್ಲ ಗೊತ್ತು.

"ನಿನ್ನ ಮೂಗು ಕೊಯ್ಸಿದ್ದು ಅಮ್ಮ ಕಣಕ್ಕಾ, ನಾನಲ್ಲ. ನಾನು ನಗ್ತಿರೋದು ನಮಗೆ ನಾಚಿಕೆ ಕಲಿಸಿದೋರನ್ನ."

"ನೋಡೋರಿಗೆ ಅದೆಲ್ಲ ತಿಳಿಯುತ್ತಾ? ಶಾಲೆಲಿ ನನ್ನ ಮಗಳ ಮೇಲೆ ಚಿಲ್ಲರೆ ಎಸೆದು ನಿನ್ನ ಹಾಡು ಹೇಳಿದ್ರು. ಅವಳಿಗೆ ಅಮ್ಮನದೇ ಮೂಗು. ನಂಗೂ ಕೊಯ್ಸು ಅಂತ ಅಳ್ತಾಳೆ."

"ಹೋಗಿ ಚಿಲ್ಲರೆ ಎಸೆದೋರಿಗೆ ಬೈ."

ಸೋದರಮಾವ ಬೆರೆಲ್ ನಡುವೆ ಬಂದ. ಸಂಜೆಯ ಪ್ರಾರ್ಥನೆಯಲ್ಲಿ ಮಗ ಸತ್ತ ತಾಯಿಗಾಗಿ ಕದ್ದಿಶ್ ಎಂಬ ಸ್ತೋತ್ರ ಹೇಳಬೇಕು. ಹತ್ತು ಗಂಡಸರಿಲ್ಲದೆ ಹೇಳುವಂತಿಲ್ಲ. ಬೆಳಗಿನಿಂದ ಫೋನ್ ಮಾಡಿ ಮಾಡಿ, ವೃದ್ಧಾಶ್ರಮದಿಂದ ಒಬ್ಬರನ್ನು ಗಾಲಿಕುರ್ಚಿ ಸಮೇತ ತಂದು ಜನ ಹೊಂದಿಸಿದ್ದ. ಮನುಷ್ಯರನ್ನು ನೇರವಾಗಿ ಎಣಿಸಿದರೆ ಕಣ್ಣು ತಾಗುತ್ತದೆಂದು, "ಒಂದಲ್ಲ, ಎರಡಲ್ಲ" ಎಂದೇ ಎಣಿಸುತ್ತಾ ಬಂದು, ಶಾಯಾನ ತಲೆಯ ಮೇಲೆ "ಹತ್ತಲ್ಲ" ಎಂದು ಉಸಿರು ಬಿಟ್ಟಿದ್ದ.

"ಬಾಯಿ ಮುಚ್ಚೇ ತಾಯಿ," ಎಂದು ಪಿಸುಗುಟ್ಟಿದ. "ಕಾಲು ಗಂಟೆ ಅಷ್ಟೇ. ಆಮೇಲೆ ಅವನ ಜುಟ್ಟು ಹಿಡ್ಕೋ, ನಾನೂ ಬರ್ತೀನಿ."

ಮೂಗು ಕೊಯ್ಸಿದ ದಿನದಿಂದ ಇಪ್ಪತ್ತೈದು ವರ್ಷ ಬಾಯಿ ಮುಚ್ಚಿಕೊಂಡೇ ಇದ್ದಳು ಮಿಂಡೆಲ್. ಮೂರು ತಿಂಗಳು ಅಮ್ಮನ ಹೇಲು ಉಚ್ಚೆ ಬಳಿದಿದ್ದಳು. ಬೆರೆಲ್‌ನ ಎಣಿಕೆಯಲ್ಲಿ ಮಾತ್ರ ಅವಳಿಗೆ ಜಾಗವಿರಲಿಲ್ಲ. ಆದರೆ ಅಮ್ಮನಿಗೆ ಕದ್ದಿಶ್ ಆಗಲೇಬೇಕೆಂದು ಆ ಮನೆಯಲ್ಲಿ ಅವಳಷ್ಟು ಬಯಸಿದವರು ಯಾರೂ ಇರಲಿಲ್ಲ. ಅವಳಿಗೆ ಸುಸ್ತಾಗಿತ್ತು.

"ತೆಗೀತೀನಿ ಅಂತ ಒಂದು ಮಾತು ಹೇಳು ಶಾಯಾ. ಇಲ್ದಿದ್ರೆ ಅಮ್ಮನ ಹೆಸರು ನಿನ್ನ ಬಾಯಲ್ಲಿ ಬರೋದೇ ಬೇಡ."

ಶಾಯಾ ಎದ್ದ. ಸೂತಕದ ಏಳು ದಿನ ತೊಗಲು ಮೆಟ್ಟುವಂತಿಲ್ಲ. ಅವನು ಬಾಗಿಲ ಬಳಿ ಬಟ್ಟೆಯ ಚಪ್ಪಲಿ ಬಿಟ್ಟು ತನ್ನ ತೊಗಲಿನ ಬೂಟಿಗೆ ಕಾಲು ತೂರಿಸಿ, ಲೇಸು ಕಟ್ಟಿದ.

"ಹದಿನೈದು ವರ್ಷ ಹಾಡಿದ್ದರಲ್ಲಿ ಜನ ಕೇಳಿದ್ದು ಅದೊಂದೇ ಹಾಡು ಕಣಕ್ಕಾ," ಎಂದ.

ಕಾರು ಹೊರಟ ಸದ್ದು ಎಲ್ಲರಿಗೂ ಕೇಳಿಸಿತು.

ಅರ್ಧ ಗಂಟೆ ಕಾದರು. ಬೆರೆಲ್ ಫೋನ್ ಮಾಡಿದ, ಶಾಯಾ ಎತ್ತಲಿಲ್ಲ. ಸಾವಿನ ಮನೆಯೆಂದು ಕನ್ನಡಿಗೆ ಹೊದಿಸಿದ್ದ ಬೆಡ್‌ಶೀಟಿನ ಒಂದು ಮೂಲೆ ಜಾರಿತ್ತು. ಮಿಂಡೆಲ್ ಒಳಗೆ ನೋಡದೆಯೇ ಅದನ್ನು ಎಳೆದು ಸಿಕ್ಕಿಸಿದಳು. ಬೆನ್ನ ಹಿಂದೆ ಬೆರೆಲ್ ಗಾಲಿಕುರ್ಚಿಯಿಂದ ಶುರುಮಾಡಿ ಮತ್ತೆ ಎಣಿಸುತ್ತಿದ್ದ.

"ಏಳಲ್ಲ... ಎಂಟಲ್ಲ... ಒಂಬತ್ತಲ್ಲ..."

ಅವನ ಬೆರಳು ಖಾಲಿ ಸ್ಟೂಲಿನ ಮೇಲೆ ನಿಂತಿತು.